ಔಟಾದವರು ಕೈ ಎತ್ತಬೇಕು

ಮಾಜಾಳಿಯಲ್ಲಿ, ಹೆದ್ದಾರಿ ಬಿಟ್ಟು ಒಳಗೆ,
ಮುಚ್ಚಿದ ಹಂಚಿನ ಕಾರ್ಖಾನೆಯ ಅಂಗಳ ನಮ್ಮ ರಣರಂಗ.
ತಿಂಗಳಿಗೆ ಆರು ಸಾವಿರ ಬಾಡಿಗೆ.
ಹಾವು ಕಚ್ಚಿದರೆ ತಾನು ಹೊಣೆಯಲ್ಲ
ಎಂದು ಕರಾರಿನಲ್ಲಿ ಬರೆಸಿದ್ದಾನೆ ಧಣಿ.

ಅಡಗಲು ಒಡೆದ ಪಾತಿ ದೋಣಿ ಮೂರು,
ಡಾಂಬರಿನ ಡ್ರಮ್ಮು ಹನ್ನೊಂದು,
ವಾಸನೆ ಬಿಡದ ಮೀನಿನ ಪೆಟ್ಟಿಗೆಗಳ ಗೋಡೆ.
ಸುತ್ತ ಇಳಿಬಿಟ್ಟದ್ದು ಬೈತಖೋಲದ ಹಳೆ ಬಲೆ.
ಬಂಗಡೆ ಹಿಡಿದು ಸವೆದದ್ದು
ಈಗ ಗುರಿ ತಪ್ಪಿದ ಗುಂಡು ಹಿಡಿಯುತ್ತದೆ.
ಹರಿದಲ್ಲಿ ಹೆಣೆಯಲು ಬಂದ ರೋಹಿದಾಸನ ಅಜ್ಜಿ
ಏನು ಹಿಡೀತೀರಿ ಇದರಲ್ಲಿ, ಕೇಳಿದಳು.
ಬಣ್ಣ, ಎಂದೆ.
ಕಿಲೋಕ್ಕೆ ಎಷ್ಟು ಬರ್ತದೆ, ಅಂದಳು.

ಕಾಗದದ ಮೇಲೆ ಏಳು ಜನ. ಬರುವವರು ಐದು.
ನೌಕಾನೆಲೆಯಲ್ಲಿ ಗುತ್ತಿಗೆ ವೆಲ್ಡರು ಇನಾಸ, ಪಾಳಿ ಬದಲಾದರೆ ಇಲ್ಲ.
ಬೊಮ್ಮು ಗೌಡನಿಗೆ ಭಾನುವಾರವೇ ತರಕಾರಿ ಬಾಡಿಗೆ,
ಟೆಂಪೊ ಗೇಟಿನ ಹೊರಗೆ ನಿಲ್ಲಿಸಿ
ಬಸಳೆ ಬಾಡುವುದರೊಳಗೆ ಆಡಿ ಮುಗಿಸಬೇಕು.
ಶೆವಂತಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು
ಡ್ರಮ್ಮಿನ ಹಿಂದೆ ಕೂತಲ್ಲೇ ನಿದ್ದೆಹೋದಳು ಒಮ್ಮೆ,
ಇಡೀ ಪಂದ್ಯದಲ್ಲಿ ಔಟಾಗದೆ ಉಳಿದವಳು ಅವಳೊಬ್ಬಳೇ.
ರೋಹಿದಾಸ ಟ್ರಾಲರಿನವ. ಕಡಲು ಬಿಟ್ಟಾಗ ಬರುತ್ತಾನೆ.
ನಾನು ಐಸ್ ಫ್ಯಾಕ್ಟರಿಯ ಲೆಕ್ಕದವ,
ಇಲ್ಲಿಯೂ ಅದೇ.

ಸಿಲಿಂಡರಿಗೆ ಗ್ಯಾಸು ತುಂಬಿಸಲು ಮಡಗಾಂವಿಗೇ ಹೋಗಬೇಕು.
ಪೋಳೆಂ ನಾಕಾದಲ್ಲಿ ಡಿಕ್ಕಿ ತೆಗೆಸಿದ ಪೊಲೀಸ:
ಐದು ಬಂದೂಕು, ಐದು ಮುಖವಾಡ.
ಆಟದ್ದು ಸಾಯ್ಬ, ಎಂದರೆ ನಂಬಲಿಲ್ಲ.
ಕೊನೆಗೆ ನನ್ನ ಬೆನ್ನನ್ನೇ ಒಡ್ಡಿ ನಿಂತೆ.
ಗುಲಾಬಿ ಬಣ್ಣ ಸಿಡಿದದ್ದು ನೋಡಿ ನಕ್ಕ,
ಇನ್ನೊಂದು ಹೊಡೀಲಾ, ಅಂದ.

ಬಲೆ ಬೀಸಬಾರದ ಅರವತ್ತೊಂದು ದಿನ
ನಮ್ಮ ತಂಡ ಪೂರ್ತಿ.
ಆ ಅರವತ್ತೊಂದು ದಿನವೂ ಮಳೆ.
ಪಸೆಗೆ ಗುಂಡು ಉಬ್ಬಿ ನಳಿಗೆಯಲ್ಲೇ ಒಡೆಯುತ್ತದೆ.
ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ, ಒಣಗಲಿ ಎಂದು.
ಮರುದಿನ ಗಂಜಿ ತಿಳಿನೀಲಿ. ಅಮ್ಮ ಮಾತು ಬಿಟ್ಟಳು.
ಮುಖವಾಡದ ಗಾಜು ಒಳಗಿಂದ ಬೆವರಿ
ಎದುರಿನವ ಬರೀ ಆಕಾರ,
ನಮ್ಮವನೋ ಅವರವನೋ.

ಹೋದ ವರ್ಷ ಹುಬ್ಬಳ್ಳಿಯಲ್ಲಿ ರೋಹಿದಾಸ
ತೋಳಿಗೆ ಬಿದ್ದ ಬಣ್ಣವನ್ನು ಒರೆಸಿಕೊಂಡಿದ್ದ.
ರೆಫ್ರಿ ಕಂಡ. ಎಲ್ಲರನ್ನೂ ಹೊರಗೆ ಹಾಕಿದರು.
ಅರಬೈಲು ಘಟ್ಟ ಇಳಿಯುವವರೆಗೆ ಟೆಂಪೊದಲ್ಲಿ
ಒಬ್ಬರೂ ಉಸಿರು ತೆಗೆಯಲಿಲ್ಲ.
ಅವನನ್ನು ಬಿಡಬೇಕಿತ್ತು.
ಬಿಟ್ಟರೆ ನಾಲ್ವರಾಗುತ್ತಿದ್ದೆವು.

ಜುಲೈ ಕೊನೆಯ ಭಾನುವಾರ ಫೋಂಡಾದವರು ಬಂದರು,
ಎಲ್ಲರಿಗೂ ಒಂದೇ ಥರದ ಬೂಟು.
ಗೆದ್ದವರಿಗೆ ಹನ್ನೆರಡು ಸಾವಿರ, ನಮ್ಮ ಎರಡು ತಿಂಗಳ ಬಾಡಿಗೆ.
ಕೊನೆಯ ಸುತ್ತಿನಲ್ಲಿ ಅವರವನೊಬ್ಬ, ನಮ್ಮವನೊಬ್ಬ.
ಮಳೆ ಎಷ್ಟೆಂದರೆ ಬಿದ್ದ ಬಣ್ಣ ಮೈಮೇಲೆ ನಿಲ್ಲದು,
ಸತ್ತವರೂ ಬೆಳ್ಳಗೆ ಎದ್ದು ಬರುತ್ತಿದ್ದರು.

ಪಾತಿ ದೋಣಿಯ ಹಿಂದಿನಿಂದ ರೋಹಿದಾಸ ಎದ್ದ,
ಕೈ ಎತ್ತಿದ.
ರೆಫ್ರಿ ಓಡಿಹೋಗಿ ಹುಡುಕಿದ, ಎದೆ, ಬೆನ್ನು, ತಲೆ.
ಎಲ್ಲಿ ಬಿತ್ತು? ಏನೂ ಇಲ್ಲವಲ್ಲ?
ತೊಳೆದುಹೋಯ್ತು, ಅಂದ. ಬಿದ್ದಿತ್ತು.
ಬೊಮ್ಮು ಬಲೆಯ ಈಚೆಯಿಂದ ಕೂಗಿದ,
ಕೈ ಇಳಿಸೋ ಮಾರಾಯ!
ಇಳಿಸಲಿಲ್ಲ.

ನಾನೂ ಶಾಬಾಸ್ ಅನ್ನಲಿಲ್ಲ.
ತಲೆಯೊಳಗೆ ಹನ್ನೆರಡು ಸಾವಿರ ಭಾಗಾಕಾರ ಆಗುತ್ತಿತ್ತು.
ಮುಖವಾಡಗಳನ್ನು ಎಣಿಸಿ ಚೀಲಕ್ಕೆ ತುಂಬಿದೆ,
ಒಂದು ಕಡಿಮೆ ಬಂತು, ಮತ್ತೆ ಎಣಿಸಿದೆ.

ಆಗಸ್ಟ್ ಒಂದು. ನಸುಕಿಗೇ ದಕ್ಕೆಯಲ್ಲಿ ಗಲಾಟೆ.
ಐಸು ಒಯ್ಯಲು ಬಂದ ರೋಹಿದಾಸ ಅಂಗಿ ಕಳಚಿದ್ದ.
ಎಡ ಪಕ್ಕೆಲುಬಿನ ಮೇಲೆ ನಾಣ್ಯದಷ್ಟು ದುಂಡಗೆ
ಹೆಪ್ಪುಗಟ್ಟಿದ ನೇರಳೆ, ಅಂಚಿನಲ್ಲಿ ಹಳದಿ ತಿರುಗುತ್ತಿದೆ.
ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ.

ಎಷ್ಟು ಗಡ್ಡೆ, ಕೇಳಿದೆ.
ಹದಿನೆಂಟು.
ಬರೆದುಕೊಂಡೆ.
ಭಾನುವಾರ? ಅಂದ, ಗೋಣಿಯನ್ನು ಹೆಗಲಿಗೆ ಎಳೆದುಕೊಳ್ಳುತ್ತ.
ಮೀನು ಬಿಟ್ಟರೆ ಬಾ, ಅಂದೆ.