ಕೋಡಿಬಾಗದ ಎಣಿಕೆ

ಹತ್ತು ಜನ ಬೇಕು. ನಾವು ಆರು.
ಇಡೀ ಕಾರವಾರ ಸೋಸಿದರೂ ಆರೇ:
ನೌಕಾನೆಲೆಯಲ್ಲಿ ಬೆಸುಗೆ ತಪಾಸಣೆಯ ರೂಬೆನ್,
ಕೈಗಾದಲ್ಲಿ ತರಬೇತಿಗೆ ಬಂದ ಶೆಲೋಮಿತ್, ಅವಳ ತಮ್ಮ,
ಮೆಡಿಕಲ್ ಕಾಲೇಜಿನ ಅವಳಿ, ಒಬ್ಬ ಒಬ್ಬಳು,
ದಾಂಡೇಲಿ ಪೇಪರ್ ಮಿಲ್ಲಿನ ಫೋರ್‌ಮನ್ ಮಗಳು ನಾನು.
ಹೆಣ್ಣುಮಕ್ಕಳನ್ನು ಎಣಿಸಬೇಕೋ ಬೇಡವೋ ಎಂಬ ಜಗಳ
ಇನ್ನೂ ಹರಿದಿಲ್ಲ.
ಎಣಿಸದಿದ್ದರೆ ಮೂರು.

ಮನೆಯೊಡತಿ ತಾಂಡೇಲ್ ಬಾಯಿ
ನಮ್ಮ ಹೆಸರಿನ ಬಾಲ ನೋಡಿಯೇ ಮಹಡಿ ಕೊಟ್ಟಿದ್ದು.
ನವಗಾಂವ್‌ಕರ್, ಪೆಣ್‌ಕರ್,
"ಹಾಗಾದ್ರೆ ನಮ್ಮ ಕಡೆಯವರೇ!"
ಊರ ಹೆಸರು ಹೇಳಿದೆ, ದೇವರದು ಹೇಳಲಿಲ್ಲ.
ಶುಕ್ರವಾರ ಸಂಜೆ ಎರಡು ದೀಪ ಕಂಡಳು, ಏನೂ ಕೇಳಲಿಲ್ಲ.
ಮರುವಾರ ಬತ್ತಿ ಹೊಸೆದು ಕೊಟ್ಟಳು.

ಮೀನುಪೇಟೆಯ ಶೇವಂತಿಗೆ ನಮ್ಮ ಶಾಸ್ತ್ರ ಬಾಯಿಪಾಠ:
"ರೆಕ್ಕೆ ಬೇಕು, ಹುರುಪೆ ಬೇಕು. ಬಂಗಡೆ ತಗೊ, ನೋಗ್ಲಿ ತಗೊ.
ಸಿಗಡಿ ನಿಂಗಲ್ಲ, ಏಡಿ ನಿಂಗಲ್ಲ.
ಕಾರವಾರಕ್ಕೆ ಬಂದು ಬೆಳಚು ತಿನ್ನದವಳೆ,
ನಿನ್ನ ದೇವರು ಸಮುದ್ರ ಕಂಡಿಲ್ವೇನೆ?"
ಪ್ರಶ್ನೆಯನ್ನು ಹಾಗೇ ತಂದು ಓದಿನ ಮೇಜಿಗೆ ಸುರಿದೆ.
ಒಂದೂವರೆ ಗಂಟೆ ಕೂಗಾಡಿದೆವು.
ಅನ್ನ ಆರಿತು.

ಹೊತ್ತು ಮುಳುಗುವ ಮೊದಲೇ ಬರೆದು ಮುಗಿಸಬೇಕು.
ನೋಟ್‌ಬುಕ್ಕಿನಲ್ಲಿ ಅವರ ಅಕ್ಷರ ಬಲದಿಂದ ಹೊರಡುತ್ತದೆ
(ನಮ್ಮ ಅನ್ನಬೇಕಿತ್ತು; ಕೈ ಜಾರಿತು)
ಕನ್ನಡ ಎಡದಿಂದ.
ಸಾಲಿನ ನಡುವೆಲ್ಲೋ ಎದುರಾಗಿ ನಿಲ್ಲುತ್ತವೆ,
ಒಂದೇ ಸೇತುವೆ ಉಳಿದ ಮೇಲೆ
ಕಾಳಿಯ ಮೇಲೆ ಮುಖಾಮುಖಿಯಾದ ಲಾರಿಗಳ ಹಾಗೆ.
ಮೊದಲ ಅಕ್ಷರ ಅಲೆಫ್. ಅದಕ್ಕೆ ದನಿಯೇ ಇಲ್ಲವಂತೆ.
ದಾಂಡೇಲಿಯ ಶಾಲೆಯಲ್ಲಿ
'ಅ' ಎಂದು ಕಿರುಚದಿದ್ದರೆ ಮಾಸ್ತರು ಕಿವಿ ಹಿಂಡುತ್ತಿದ್ದರು.
ಸುಮ್ಮನಿರುವುದನ್ನು ಇಪ್ಪತ್ನಾಲ್ಕರಲ್ಲಿ ಕಲಿಯುತ್ತಿದ್ದೇನೆ.

ಏಳನೆಯವನು ಗೋಕರ್ಣದಿಂದ ಬಸ್ ಹತ್ತಿ ಬಂದ,
ಮಿಲಿಟರಿ ಮುಗಿಸಿ ಕುಡ್ಲೆ ದಂಡೆಯಲ್ಲಿ ಬಿದ್ದುಕೊಂಡಿದ್ದ ಇತಾಯ್.
ನಂಬಿಕೆ ಗಿಂಬಿಕೆ ಇಲ್ಲ, ಊಟಕ್ಕೆ ಬಂದೆ ಅಂದ.
ಓದು ಅಂದೆವು.
ನಾವು ತಿಂಗಳುಗಟ್ಟಲೆ ತಡಕಿದ ಪುಟವನ್ನು
ಬಸ್ಸಿನ ಬೋರ್ಡು ಓದಿದಂತೆ ಓದಿ ಮುಚ್ಚಿದ.
ರೂಬೆನ್ ಮುಖ ಸಣ್ಣದಾಯಿತು.
ನನಗೆ ಸಿಟ್ಟು, ಯಾರ ಮೇಲೆಂದು ತಿಳಿಯದ ಸಿಟ್ಟು.

"ಇದೇನು, ಈ ದುಂಡು ದುಂಡು?"
ಅದೇ ಪ್ರಾರ್ಥನೆ, ನನ್ನ ಲಿಪಿಯಲ್ಲಿ.
ಬೆರಳಿಟ್ಟು ನೋಡಿದ, ಕುರುಡರು ನೋಡುವಂತೆ.
ಹೊರಗಿನ ಹೊಳೆಯ ಹೆಸರು ಕಲಿಸಿದೆ: ಕಾಳಿ.
ಖಾಲಿ, ಅಂದ.
ಕಾಳಿ.
ಖಾಲಿ.
ಮೆಟ್ಟಿಲಲ್ಲಿ ತಾಂಡೇಲ್ ಬಾಯಿ ಸೆರಗು ಬಾಯಿಗಿಟ್ಟು ನಕ್ಕಳು.
ನಾಲಿಗೆ ಮಡಿಸೋ ಮಾರಾಯಾ, ಹಿಂದಕ್ಕೆ, ಇನ್ನೂ ಹಿಂದಕ್ಕೆ.

ರಾತ್ರಿಯ ಬಸ್ಸಿಗೆ ಹೋಗುವವನು ಹೋಗಲಿಲ್ಲ.
ಶನಿವಾರ ಸಂಜೆ ತಾರಸಿಯ ಮೇಲೆ
ಮೂರು ನಕ್ಷತ್ರಕ್ಕೆ ಕಾದೆವು; ಮೂರು ಕಂಡರೆ ವಾರ ಶುರು.
ದೇವಗಡದ ದೀಪಸ್ತಂಭ ಲೆಕ್ಕಕ್ಕಿಲ್ಲ,
ಯುದ್ಧಹಡಗಿನ ಕೆಂಪು ದೀಪ ಲೆಕ್ಕಕ್ಕಿಲ್ಲ,
ಬಲೆಗೆ ಹೊರಟ ದೋಣಿಯದೂ ಇಲ್ಲ.
ಒಂದು, ಅಂದ ರೂಬೆನ್. ತಡೆದು, ಎರಡು.
ಒಣಬಟ್ಟೆ ತೆಗೆಯಲು ಬಂದ ಬಾಯಿ
ಏನು ಕಳೆದುಕೊಂಡಿರಿ ಎಂದು ತಾನೂ ಕತ್ತೆತ್ತಿದಳು.
ಹಿಂದೆ, ಕತ್ತಲಲ್ಲಿ, ಇತಾಯ್ ಒಬ್ಬನೇ ಗೊಣಗುತ್ತಿದ್ದ,
ಕಾಲಿ, ಕಾಲ್ಳಿ,
ಬಹುಶಃ ಮೋಡದ ಅಂಚಿನಲ್ಲಿ
ಏನೋ ಮಿನುಗಿತು.
ಅದೋ ಅಲ್ಲವೋ
ಎಂದು ವಾದ ನಡೆದಿದೆ.