ಐದನೆಯ ನಟ್ಟು

ಗಾಡಿ ನಿಂತದ್ದು ಬೆಲ್ಮಲೆಟ್‌ಗೆ ಇನ್ನೂ ಆರು ಮೈಲಿ ಇರುವಾಗ.
ಎಡಕ್ಕೂ ಬಲಕ್ಕೂ ಬರೀ ಕಪ್ಪು ಜೌಗು,
ಎದುರಿಗೆ ಅಟ್ಲಾಂಟಿಕ್ಕಿನ ಗಾಳಿ,
ಕೇಳದೆ ಕೊಟ್ಟ ಬುದ್ಧಿಮಾತಿನ ಹಾಗೆ, ಬಿಡುವೇ ಇಲ್ಲ.
ಹಿಂದಿನ ಎಡ ಟೈರು ಅಪ್ಪಚ್ಚಿ.
ಒಳಗೆ ನೋನಿ ಪ್ಯಾಡನ್, ತೊಂಬತ್ತೊಂದು ವರ್ಷ,
ಓಕ್ ಪೆಟ್ಟಿಗೆ, ಹಿತ್ತಾಳೆ ಹಿಡಿ.
ಹಿಂದೆ ಹದಿನೇಳು ಕಾರು.

ಇಪ್ಪತ್ತೆರಡು ವರ್ಷದಿಂದ ಹೆಣ ಸಾಗಿಸುತ್ತಿದ್ದೇನೆ.
ಬಿರುಗಾಳಿ ಕಂಡಿದ್ದೇನೆ, ಕುಡಿದ ಪಾದ್ರಿಯನ್ನು ಕಂಡಿದ್ದೇನೆ,
ಗುಂಡಿ ಒಂದು ಗೇಣು ಕಿರಿದಾದದ್ದೂ ಉಂಟು.
ಟೈರು ಮಾತ್ರ ಇದೇ ಮೊದಲು.

ಜಾಕ್ ಇತ್ತು. ಸ್ಟೆಪ್ನಿ ಇತ್ತು. ಸ್ಪ್ಯಾನರ್ ಇತ್ತು.
ನಾಲ್ಕು ನಟ್ಟು ಸಜ್ಜನರಂತೆ ಸಡಿಲಾದವು.
ಐದನೆಯದು ಬೇರೆ ಜಾತಿ:
ದುಂಡಗೆ, ನುಣ್ಣಗೆ, ನಡುವೆ ಹೂವಿನಂಥ ಗೀರು.
ಆ ಹೂವಿಗೆ ಹೊಂದುವ ಕೀಲಿ ಹೆಬ್ಬೆರಳಿನಷ್ಟು;
ಅದು ಇರಬೇಕಾದ ಡಬ್ಬಿಯಲ್ಲಿ
ಎರಡು ಪೆಪ್ಪರ್‌ಮಿಂಟು, ಯಾವುದೋ ಜಪಸರದ ಒಂದು ಮಣಿ.

ಗಾಲ್ವೇಯ ಹಳೆಯ ಧಣಿ ಹಾಕಿಸಿದ್ದಂತೆ, ಕಳ್ಳರ ಭಯಕ್ಕೆ.
ಹೆಣದ ಗಾಡಿಯ ಚಕ್ರ ಕದ್ದು
ಯಾರು ಎಲ್ಲಿಗೆ ಹೋಗಬೇಕಾಗಿತ್ತೋ!
ಬೇಲಿ ಎದ್ದು ಹೊಲ ಮೇಯುವುದುಂಟು.
ಬೇಲಿ ಎದ್ದು ಹೊಲದವನನ್ನೇ
ಹೊರಗೆ ನಿಲ್ಲಿಸಿದ್ದು ಇಲ್ಲಿ.

ಹೇಗಿದ್ದರೂ ಪೆಟ್ಟಿಗೆ ಇಳಿಸದೆ ಜಾಕ್ ಕೊಡುವಂತಿಲ್ಲ.
ಹತ್ತಿರದ ಮನೆಯ ಅಡುಗೆಕೋಣೆಯಿಂದ
ಎರಡು ನೀಲಿ ಕುರ್ಚಿ ಬಂದವು. ಒಂದರ ಕಾಲು ಗಿಡ್ಡ,
ಕೆಳಗೆ ಮಡಚಿದ ಪತ್ರಿಕೆ.
ರಸ್ತೆಯ ನಡುವೆ, ಕುರ್ಚಿಯಿಂದ ಕುರ್ಚಿಗೆ, ನೋನಿ.
ಬಸ್ಸು ತಪ್ಪೀತೆಂದು ಜನ್ಮವಿಡೀ ಓಡಿದವಳು
ಈಗ ಬಸ್ಸನ್ನೇ ನಿಲ್ಲಿಸಿಕೊಂಡು ಮಲಗಿದ್ದಳು.

ಸಲಹೆಗೇನು ಬರ?
ಮಗ ಫೆಸ್ಟಿ, ಎಣ್ಣೆ ಬಿಡು ಅಂದ.
ಫಾದರ್ ಕಿಲ್‌ಗ್ಯಾಲನ್ ಗಡಿಯಾರ ನೋಡಿಕೊಂಡು
ಕಳೆದದ್ದು ಹುಡುಕಿಕೊಡುವ ಸಂತ ಅಂತೋನಿಯನ್ನು ನೆನೆದರು.
ಮೆಕ್ಯಾನಿಕ್ ಬಲ್ಲೀನಾದಲ್ಲಿ, ಬರಲು ಎರಡು ಗಂಟೆ.

ಆಗ ಕೊನೆಯ ಕಾರಿನಿಂದ ಇಳಿದ ಕಾಹಲ್,
ನೋನಿಯ ಮಗಳ ಮಗ.
ಡಬ್ಲಿನ್ನಿನಲ್ಲಿ ಹದಿನಾಲ್ಕು ತಿಂಗಳು ಒಳಗಿದ್ದವನು,
ಯಾತಕ್ಕೆಂದು ಮನೆಯವರು ಹೇಳುತ್ತಿರಲಿಲ್ಲ.
ಹೆಗಲು ಕೊಡುವ ಆರು ಜನರಲ್ಲಿ ಅವನ ಹೆಸರಿರಲಿಲ್ಲ.
ನಟ್ಟನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ,
ಬೇಡವಾದ ಹಳೆಯ ಗೆಳೆಯ ದಾರಿಯಲ್ಲಿ ಎದುರಾದಂತೆ.
'ಹತ್ತೊಂಬತ್ತರ ಸಾಕೆಟ್ ಇದೆಯಾ ಯಾರ ಹತ್ತಿರವಾದರೂ?
ಹದಿನೆಂಟರದು? ಒಂದು ಸುತ್ತಿಗೆ?'

ಕೋಟು ಕಳಚಿ, ಯಾರ ಕೈಗೂ ಕೊಡದೆ,
ಬೇಲಿಯ ತಂತಿಗೆ ಸಿಕ್ಕಿಸಿ ಕೂತ.
ನಟ್ಟಿಗಿಂತ ಒಂದು ಕೂದಲು ಕಿರಿದಾದ ಸಾಕೆಟ್ಟನ್ನು
ಅದರ ತಲೆಗೆ ಬಡಿದು ಕೂರಿಸಿದ. ಏಳು ಏಟು.
ಕಬ್ಬಿಣದ ಕಡಲೆಯನ್ನು ಕಬ್ಬಿಣವೇ ಕಚ್ಚಿತು.
ಆಮೇಲೆ ಉದ್ದ ಹಿಡಿ, ಇಡೀ ಮೈಭಾರ,
ಒಂದು ಕಿರುಚು,
ಕುರ್ಚಿಯ ಮೇಲಿದ್ದವಳೂ ಬೆಚ್ಚಿರಬೇಕು.
ತಿರುಗಿತು.

ನಾಲ್ಕು ನಿಮಿಷ. ಮೂರೇ ಇರಬಹುದು.
ಅಷ್ಟರಲ್ಲಿ ರಸ್ತೆಯ ಮೇಲಿದ್ದ ಅಷ್ಟೂ ಜನಕ್ಕೆ
ಆ ಹದಿನಾಲ್ಕು ತಿಂಗಳು ಅರ್ಥವಾಗಿತ್ತು.
ಯಾರೂ ಏನೂ ಅನ್ನಲಿಲ್ಲ.
ಒಬ್ಬ ತನ್ನ ಹೊಸ ಕಾರಿನ ಚಕ್ರಗಳತ್ತ ಕಣ್ಣು ಹಾಯಿಸಿದ;
ನಾನು ನೋಡಿದೆ. ಕಾಹಲ್ ಕೂಡ ನೋಡಿದ.

ಸ್ಮಶಾನದ ಗೇಟಿನಲ್ಲಿ ಫೆಸ್ಟಿ ಸೊಂಟ ಹಿಡಿದುಕೊಂಡ.
ಬೆಳಿಗ್ಗೆ ಇರದ ನೋವು ಅದು.
'ನೀನು ಬಾ' ಅಂದ ಅಳಿಯನಿಗೆ.
'ಕೈಯೆಲ್ಲ ಗ್ರೀಸು ಮಾವ.'
'ಇರಲಿ.'
ಹೊಳೆಯುವ ಓಕಿನ ಮೇಲೆ ನಾಲ್ಕು ಕಪ್ಪು ಬೆರಳು.
ಒರೆಸುವ ಬಟ್ಟೆ ನನ್ನ ಜೇಬಿನಲ್ಲೇ ಇತ್ತು,
ಅದಕ್ಕೇ ಸಂಬಳ ನನಗೆ.
ಒರೆಸಲಿಲ್ಲ.

ಉಳಿದ ಮೂರು ಚಕ್ರಗಳಲ್ಲಿ ಆ ಹೂವು ಇನ್ನೂ ಇದೆ.
'ಅವನ್ನೂ ತೆಗೆದುಬಿಡಲೇ?' ಎಂದು ಕೇಳಿದ್ದ,
ಚಹಾದ ಹೊತ್ತಿಗೆ, ಸ್ಯಾಂಡ್‌ವಿಚ್ಚಿನ ತಟ್ಟೆ ನೋಡುತ್ತ.
ಗುರುವಾರ ಬಾ ಅಂದಿದ್ದೆ.
ಗುರುವಾರ ಇನ್ನೊಂದು ಸಾವು, ಅದರಾಚೆಯ ಗುರುವಾರ ಮತ್ತೊಂದು.
ಅವನ ನಂಬರು ಒಂದು ಚೀಟಿಯಲ್ಲಿದೆ,
ಪೆಪ್ಪರ್‌ಮಿಂಟಿನ ಪಕ್ಕ,
ಕೀಲಿ ಇರಬೇಕಾದ ಜಾಗದಲ್ಲಿ.