ಯಾವ ಮೂತಿಗೆ ಯಾವ ಬಾಲ

ಮೊದಲನೆಯದು ಪ್ಲೈವುಡ್ಡಿನದು,
ಹದಿನಾಲ್ಕಡಿ, ಒಂದೇ ಮೈ.
ಮಹಡಿಯ ಮೇಲೆ ಕಟ್ಟಿದ್ದ ಮುನೀರ.
ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು.
ಕೆಳಗಿನ ಮನೆಯ ತಿಮ್ಮಮ್ಮ ಬಂದು ನೋಡಿ
'ಕೂಸು ಅಡ್ಡ ಬಂದಂಗಾಯ್ತಲ್ಲಪ್ಪಾ' ಅಂದಳು.
ಮುನೀರ ಗರಗಸ ತಂದ.
ಮೂರು ತುಂಡಿನ ಕಯಾಕ್ ಹುಟ್ಟಿದ್ದು ಹಾಗೆ,
ಗೋಡೆಗೆ ಸೋತು.

ಹಾಸನದ ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿನಲ್ಲಿ
ಅಲ್ಲಿಯವರೆಗೆ ಮಾಡಿದ್ದೆಲ್ಲ
ನೀರು ಒಳಗೆ ನಿಲ್ಲುವ ಸಾಮಾನು:
ಟ್ಯಾಂಕಿ, ತೊಟ್ಟಿ, ದನದ ಬಾನಿ.
ಹೊರಗೇ ನಿಲ್ಲು ಅಂತ ನೀರಿಗೆ ಹೇಳಬೇಕಾದರೆ
ಕೈಗೆ ಬೇರೆ ಬುದ್ಧಿ ಬೇಕು.

ಮೊದಲು ಗೊಂಬೆ, ಗೊಂಬೆಗೆ ಅಚ್ಚು.
ಲಿಗೋರಿ ಹನ್ನೊಂದು ದಿನ ಉಜ್ಜಿದ.
ಎಂಬತ್ತರ ಕಾಗದ, ಇನ್ನೂರಿಪ್ಪತ್ತರದು, ಎಂಟುನೂರರದು,
ಆಮೇಲೆ ಬರೀ ಅಂಗೈ,
ಆಮೇಲೆ ಕೆನ್ನೆ.
ಏಳು ಸಲ ಮೇಣ ಬಳಿಯುವುದು ನನ್ನ ಪಾಲು.
ಬಳಿದೆ.
ಅಚ್ಚು ಬಿಡಲಿಲ್ಲ.
ಬಿಸಿನೀರು, ಮರದ ಬೆಣೆ, ಸುತ್ತಿಗೆ, ಬೈಗುಳ.
ಕೊನೆಗೆ ಬಂತು, ಬಾಲ ಸೀಳಿಕೊಂಡು.
ಅಲ್ಲೊಂದು ಗೇಣು ಜಾಗ ಮೇಣ ಕಂಡಿರಲಿಲ್ಲ.
ಆ ಗೇಣು ನನ್ನದು.
ಯಾರಿಗೂ ಹೇಳಲಿಲ್ಲ.

ಜನವರಿಯ ಚಳಿಗೆ ರಾಳ ಗಟ್ಟಿಯಾಗದೆ
ಪಾಯಸದ ಹಾಗೆ ಕೂತಿತ್ತು.
ಕೋಳಿಮರಿಗೆ ಹಾಕುವ ಬಲ್ಬು ತಂದು
ಮೂತಿಗೆ ಮೂರು, ಹೊಟ್ಟೆಗೆ ಐದು ತೂಗುಹಾಕಿದೆವು.
ಪದ್ಮರಾಜಯ್ಯ ಕರೆಂಟ್ ಬಿಲ್ಲು ನೋಡಿ
ಕನ್ನಡಕ ತೆಗೆದಿಟ್ಟರು.
ಬಾಯಿ ಬಿಡಲಿಲ್ಲ. ದುಡ್ಡು ಅವರದು.

ಗೊರೂರಿನ ಹಿನ್ನೀರಿನಲ್ಲಿ ಮೊದಲ ಸಲ ಇಳಿಸಿದಾಗ
ತೇಲಿತು.
ಹತ್ತು ನಿಮಿಷಕ್ಕೆ ಮುನೀರನ ಕುಂಡೆ ಒದ್ದೆ.
ಲಿಗೋರಿ ಬಟ್ಟೆಗೆ ಹಾಕುವ ನೀಲಿ ಕಲಸಿ ಒಳಗೆ ಸುರಿದು
ಎಲ್ಲಿಂದ ಹೊರಬರುತ್ತೆ ಅಂತ ಕೂತು ಕಾದ.
ಎರಡನೇ ಕೂಡಿನ ಕೆಳಗಿನ ಬೋಲ್ಟು.
ಸೈಕಲ್ ಟ್ಯೂಬು ಕತ್ತರಿಸಿ ಇಟ್ಟೆವು, ಸಾಲದು.
ಕುಕ್ಕರಿನ ರಬ್ಬರು, ಸಾಲದು.
ಕೊನೆಗೆ ಲಾರಿ ಬಾಗಿಲಿನ ಬೀಡಿಂಗು, ಹಳೆಯದು,
ಗುಜರಿಯಿಂದ ಮೊಳಕ್ಕೆ ಹನ್ನೆರಡು ರೂಪಾಯಿ.

ಅಷ್ಟಕ್ಕೇ ಮುಗಿಯಿತು ಅಂದುಕೊಂಡೆವು.
ಒಂದನ್ನು ತೇಲಿಸುವುದು ಮುದ್ದು.
ಹನ್ನೆರಡು ಕೇಳಿದ್ದರು, ಬೇಲೂರಿನ ಕಡೆಯವರು.
ಮೂರರ ಮೂತಿ ಒಂಬತ್ತರ ಹೊಟ್ಟೆಗೆ ಹಿಡಿದರೆ
ತೂತಿಗೆ ತೂತು ಎರಡು ನೂಲು ಆಚೆ.
ಜಾತಕ ಕೂಡಿ ಮನಸ್ಸು ಕೂಡದ ಹಾಗೆ.
ಪ್ರತಿಯೊಂದೂ ತನ್ನ ಜೊತೆಗೆ ಮಾತ್ರ ಸರಿ,
ಯಾಕೆಂದರೆ ತೂತು ಕೊರೆದದ್ದು ಲಿಗೋರಿ,
ಒಂದು ಕಣ್ಣು ಮುಚ್ಚಿ,
ದಿನಕ್ಕೊಂದು ದೇವರ ಹಾಗೆ.

ಮುನೀರ ಕಬ್ಬಿಣದ ಪಟ್ಟಿ ಮಾಡಿಸಿ ತಂದ,
ನಾಲ್ಕು ತೂತು.
ಇನ್ನು ಇದನ್ನಿಟ್ಟು ಕೊರೆದರೆ ಸಾಕು,
ಯಾರು ಬೇಕಾದರೂ, ಅಂದ.
ಯಾರು ಬೇಕಾದರೂ.
ಲಿಗೋರಿ ಪಟ್ಟಿಯನ್ನು ತಿರುಗಿಸಿ ನೋಡಿದ,
ಅಂಚಿನ ಚೂಪನ್ನು ಅರದಿಂದ ಸವರಿದ,
ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ.
ಸಂಜೆ ನೋಡಿದರೆ ಎಣ್ಣೆ ಒರೆಸಿಟ್ಟಿದ್ದ.

ಮೂವತ್ತಾರು ತುಂಡು, ಒಂದೇ ಟೆಂಪೊ.
ಒಂದರೊಳಗೊಂದು ಬಟ್ಟಲಿನ ಹಾಗೆ ಕೂತವು.
'ಏನಕ್ಕ, ದನದ ಬಾನಿನಾ?' ಅಂದ ಡ್ರೈವರ.
ಹೂಂ ಅಂದೆ. ಯಾರು ವಿವರಿಸುತ್ತಾರೆ.

ಉಳಿದದ್ದು ನಾಲ್ಕರ ಮೂತಿ,
ಕಣ್ಣಳತೆಯದು, ಯಾವ ಹೊಟ್ಟೆಗೂ ಸೇರದ್ದು.
ಬೋರಲು ಹಾಕಿ ಮಧ್ಯಾಹ್ನ ಅದರ ಮೇಲೆ ಕೂತು
ಬುತ್ತಿ ಬಿಚ್ಚುತ್ತೇವೆ ನಾನೂ ಲಿಗೋರಿಯೂ.
ನಿನ್ನೆ ಉಪ್ಪಿನಕಾಯಿ ಚಾಚುತ್ತಾ ಅಂದ:
'ಅವತ್ತು ಬಾಲದ ಹತ್ರ ಮೇಣ ಬಿಟ್ಟಿದ್ದೆ ನೀನು.
ಬೆಳಕಿಗೆ ಹಿಡಿದಾಗಲೇ ಗೊತ್ತಾಗಿತ್ತು.'
ಉಪ್ಪಿನಕಾಯಿ ತಗೊಂಡೆ.
ಖಾರ ಜಾಸ್ತಿ ಇತ್ತು.